ಯಾವುದರ ದಕ್ಷಿಣ?

ಇಂಗ್ಲಿಷು ಭಾಷೆಯ ‘ಸೌತ್’ ಎಂಬ ಪದಕ್ಕೆ ಅರ್ಥವೇನೆಂದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ದಕ್ಷಿಣ’ ಎಂಬ ಮಾತು ತಡವಿಲ್ಲದೆ ಬರುತ್ತದೆ. ಅದು ಸರಿಯೇ. ಆದರೆ ‘ಯಾವುದರ ದಕ್ಷಿಣ?’ ಎಂದು ಮರಳಿ ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ಕೇಳುವ ರೂಢಿ ನಮ್ಮಲ್ಲಿ ಕಡಮೆ. ಅದನ್ನು ಬಿಟ್ಟು ದಿಕ್ಕಿನ ಪದವನ್ನು ಕಲಿತವನು ಅರ್ಧವನ್ನು ಮಾತ್ರ ಕಲಿತಂತೆ. ಆ ಅರ್ಧ ಕಲಿಕೆಯಿಂದ ಭೂಗೋಳದಲ್ಲಿಯೂ ಹವಾಮಾನ ಶಾಸ್ತ್ರದಲ್ಲಿಯೂ ತಪ್ಪುಗಳಾಗುವುದಲ್ಲದೆ, ತನ್ನ ಊರನ್ನು ತಾನು ಕಾಣುವ ದೃಷ್ಟಿಯೂ ಮಸುಕಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ವಿಚಾರಕ್ಕೆ ಒಂದು ನೆಲೆ ಬೇಕು. ಬಾಗಲಕೋಟೆ ಜಿಲ್ಲೆಯ ಕಮತಗಿಯನ್ನು ತೆಗೆದುಕೊಳ್ಳೋಣ. ಇದು ನೇಕಾರರು ನೆಲೆಸಿದ ಸಣ್ಣ ಪಟ್ಟಣ. ಇಲ್ಲಿ ನಿಂತವನಿಗೆ ಹುನಗುಂದವು ಮೂಡಣಕ್ಕೆ, ಇಳಕಲ್ ಆಗ್ನೇಯಕ್ಕೆ, ಐಹೊಳೆ ತೆಂಕಣಕ್ಕೆ, ಬಾದಾಮಿ ನೈಋತ್ಯಕ್ಕೆ. ಬಾಗಲಕೋಟೆ ಪಡುವಣಕ್ಕೆ, ತುಸು ವಾಯವ್ಯಕ್ಕೆ ಓರೆಯಾಗಿ. ಬಾಗಲಕೋಟೆಯವನು ‘ಕಮತಗಿ ಮೂಡಣದ ಊರು’ ಎನ್ನುತ್ತಾನೆ. ಹುನಗುಂದದವನು ‘ಪಡುವಣದ ಊರು’ ಎನ್ನುತ್ತಾನೆ. ಇಬ್ಬರೂ ಸತ್ಯವನ್ನೇ ಹೇಳುತ್ತಾರೆ, ಜಗಳಕ್ಕೆ ಕಾರಣವಿಲ್ಲ. ಏಕೆಂದರೆ ಮೂಡಣವಾಗಲಿ ಪಡುವಣವಾಗಲಿ ಕಮತಗಿಯ ಮಣ್ಣಿನಲ್ಲಿರುವ ಗುಣವಲ್ಲ. ಕಪ್ಪು ಎಂಬುದು ಎರೆಮಣ್ಣಿನ ಗುಣ. ದಕ್ಷಿಣ ಎಂಬುದು ಎರಡು ಸ್ಥಳಗಳ ನಡುವಣ ಸಂಬಂಧ. ‘ಅಣ್ಣ’ ಎಂಬ ಮಾತಿನಂತೆ ಅದು ಇನ್ನೊಬ್ಬರಿಲ್ಲದೆ ನಿಲ್ಲಲಾರದು.

ಹಾಗೆಂದು ದಿಕ್ಕುಗಳು ಕೇವಲ ಮನಸ್ಸಿನ ಕಲ್ಪನೆ ಎಂದು ತಿಳಿಯಬಾರದು. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತಿದೆ; ಆ ಅಕ್ಷವೇ ಉತ್ತರ ದಕ್ಷಿಣಗಳನ್ನು ನಿಶ್ಚಯಿಸಿಕೊಟ್ಟಿದೆ. ಕಮತಗಿಯಲ್ಲಿ ರಾತ್ರಿಯ ಹೊತ್ತು ಬಡಗಣ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿ ಧ್ರುವ ನಕ್ಷತ್ರವು ಕಾಣುತ್ತದೆ. ಆ ಎತ್ತರವೇ ಊರಿನ ಅಕ್ಷಾಂಶ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನಲ್ಲದೆ ಕಾಂತೀಯ ಉತ್ತರವನ್ನು ತೋರಿಸುವುದುಂಟು. ನಮ್ಮ ಸೀಮೆಯಲ್ಲಿ ಇವೆರಡರ ಅಂತರವು 2 ಡಿಗ್ರಿಗಿಂತ ಕಡಮೆ. ಆದುದರಿಂದ ‘ದಕ್ಷಿಣ ದಿಕ್ಕು’ ಸ್ಥಿರವಾದುದು. ಸ್ಥಿರವಲ್ಲದ್ದು ‘ದಕ್ಷಿಣ ಪ್ರದೇಶ’. ದಿಕ್ಕನ್ನು ನಿಸರ್ಗವು ಕೊಡುತ್ತದೆ. ಪ್ರದೇಶದ ಹೆಸರನ್ನು ಯಾವನೋ ಒಬ್ಬನು ಎಲ್ಲಿಯೋ ನಿಂತು ಬೆರಳು ಮಾಡಿ ಇಡುತ್ತಾನೆ. ಇಂಗ್ಲಿಷು ಬರೆಹದಲ್ಲಿ ಈ ಭೇದಕ್ಕೆ ಒಂದು ಗುರುತುಂಟು: ದಿಕ್ಕನ್ನು ಹೇಳುವಾಗ ಪದವನ್ನು ಸಣ್ಣ ಅಕ್ಷರದಿಂದಲೂ ಪ್ರದೇಶವನ್ನು ಹೇಳುವಾಗ ದೊಡ್ಡ ಅಕ್ಷರದಿಂದಲೂ ಆರಂಭಿಸುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರಗಳಿಲ್ಲ. ಅನುವಾದದಲ್ಲಿ ಎರಡಕ್ಕೂ ‘ದಕ್ಷಿಣ’ ಎಂದೇ ಬರೆಯುತ್ತೇವೆ. ಆದಕಾರಣ ಈ ಭೇದವನ್ನು ಕಾಯ್ದುಕೊಳ್ಳಬೇಕಾದ ಹೊಣೆ ನಮ್ಮ ಬುದ್ಧಿಯ ಮೇಲೆ ಬಿದ್ದಿದೆ.

ಬೆರಳು ಮಾಡಿದವನು ಸ್ಥಳ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯ ಇತಿಹಾಸವೇ ಸಾಕ್ಷಿ. 19ನೆಯ ಶತಮಾನದ ಇಂಗ್ಲಿಷು ಅಧಿಕಾರಿಗಳು ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡ ನಾಡನ್ನು ‘ಸದರ್ನ್ ಮರಾಠಾ ಕಂಟ್ರಿ’ ಎಂದು ಕರೆದರು. ಅವರು ಮುಂಬಯಿ, ಪುಣೆಗಳ ಕಡೆಯಿಂದ ನೋಡುತ್ತಿದ್ದರು. ಅಲ್ಲಿಂದ ಈ ನಾಡು ತೆಂಕಣಕ್ಕೇ ಇತ್ತು. ದಿಕ್ಕು ಸರಿಯಾಗಿತ್ತು, ಆದರೆ ಹೆಸರಿನಲ್ಲಿ ಆಡುನುಡಿಯಾದ ಕನ್ನಡವೇ ಕಾಣಲಿಲ್ಲ. ಮುಂದೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅಕ್ಟೋಬರ್ 31ರ ರಾತ್ರಿ ಮುಂಬಯಿ ರಾಜ್ಯದ ದಕ್ಷಿಣ ಭಾಗದಲ್ಲಿ ಮಲಗಿದ ಕಮತಗಿಯು ಮರುದಿನ ಬೆಳಗಾಗುವಷ್ಟರಲ್ಲಿ ಮೈಸೂರು ರಾಜ್ಯದ ಉತ್ತರ ಭಾಗದಲ್ಲಿ ಎದ್ದಿತು. ಅಕ್ಷಾಂಶವು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ರೈಲ್ವೆಯ ಕಥೆ ಇನ್ನೂ ಸ್ವಾರಸ್ಯವಾದುದು. ಬಾಗಲಕೋಟೆಯ ಮೂಲಕ ಹಾಯುವ ಗದಗ–ಹೊಟಗಿ ಮಾರ್ಗವನ್ನು ಹಾಕಿದುದು 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ. 1908ರಲ್ಲಿ ಅದು ಮದ್ರಾಸಿನ ಕಂಪನಿಯೊಡನೆ ಸೇರಿ ‘ಮದ್ರಾಸ್ ಮತ್ತು ಸದರ್ನ್ ಮರಾಠಾ’ ಆಯಿತು. 1951ರಲ್ಲಿ ‘ದಕ್ಷಿಣ ರೈಲ್ವೆ’, 1966ರಲ್ಲಿ ‘ದಕ್ಷಿಣ ಮಧ್ಯ ರೈಲ್ವೆ’, 2003ರಲ್ಲಿ ‘ನೈಋತ್ಯ ರೈಲ್ವೆ’. ಒಂದೇ ನಿಲ್ದಾಣಕ್ಕೆ ಇಷ್ಟು ದಿಕ್ಕುಗಳು! ಆಲಮಟ್ಟಿಯ ಹಿನ್ನೀರಿನಿಂದಾಗಿ ಬಾಗಲಕೋಟೆಯ ಒಂದು ಭಾಗವು ನವನಗರಕ್ಕೆ ಸರಿದದ್ದುಂಟು. ಆದರೆ ರೈಲ್ವೆಯ ಹೆಸರು ಬದಲಾದುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸರಿದದ್ದು ಆಡಳಿತದ ಗಡಿ ಮತ್ತು ಕೇಂದ್ರ.

ಇಂದು ಕಮತಗಿಯವನು ಬಸ್ಸು ಹತ್ತಿದರೆ ಅದು 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಬಾಗಲಕೋಟೆಗೆ ಹೋಗಿ ರೈಲು ಹತ್ತಿದರೆ ಅದು ನೈಋತ್ಯ ರೈಲ್ವೆಯದು. ಎರಡರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲಿಯೇ! ಒಂದು ಊರು ಏಕಕಾಲದಲ್ಲಿ ವಾಯವ್ಯವೂ ನೈಋತ್ಯವೂ ಆಗುವುದು ಹೇಗೆ? ಬಸ್ಸಿನ ಹೆಸರು ಕರ್ನಾಟಕವನ್ನು ಕುರಿತದ್ದು, ರೈಲಿನ ಹೆಸರು ಭಾರತವನ್ನು ಕುರಿತದ್ದು ಎಂದು ತಿಳಿದೊಡನೆ ಒಗಟು ಬಿಡುತ್ತದೆ. ಇನ್ನೊಂದು ಉದಾಹರಣೆಯನ್ನು ನಕ್ಷೆಯಲ್ಲಿ ನೀವೇ ನೋಡಿರಿ: ‘ಉತ್ತರ ಕನ್ನಡ’ ಜಿಲ್ಲೆಯು ಕಮತಗಿಗೆ ಉತ್ತರದಲ್ಲಿಲ್ಲ, ನೈಋತ್ಯದಲ್ಲಿದೆ. ಅದು ಉತ್ತರವಾದುದು ದಕ್ಷಿಣ ಕನ್ನಡಕ್ಕೆ, ಅಂದರೆ ಕರಾವಳಿಯ ಇನ್ನೊಂದು ಭಾಗಕ್ಕೆ.

ಹೆಸರಿನ ಮಾತು ಹಾಗಿರಲಿ. ಪದದ ಹುಟ್ಟಿನಲ್ಲಿಯೇ ಒಂದು ನೆಲೆ ಅಡಗಿರುತ್ತದೆ ಎಂಬುದನ್ನು ಗಮನಿಸಬೇಕು. ‘ಸೌತ್’ ಎಂಬುದು ಸೂರ್ಯವಾಚಕವಾದ ‘ಸನ್’ ಪದದ ಬಳಗದ್ದು, ಸೂರ್ಯನ ಕಡೆ ಎಂಬುದು ಅದರ ಮೂಲಾರ್ಥ ಎಂದು ಭಾಷಾಶಾಸ್ತ್ರಜ್ಞರು ಭಾವಿಸುತ್ತಾರೆ. ಫ್ರೆಂಚ್ ಭಾಷೆಯಲ್ಲಂತೂ ‘ಮಿದಿ’ ಎಂಬ ಒಂದೇ ಪದಕ್ಕೆ ನಡುಹಗಲು, ದಕ್ಷಿಣ ಎಂಬ ಎರಡು ಅರ್ಥಗಳಿವೆ. ಯುರೋಪಿನಲ್ಲಿ ಇದು ಸಹಜವೇ ಸರಿ. ಅಲ್ಲಿ ವರ್ಷದ ಎಲ್ಲ ದಿನಗಳಲ್ಲಿಯೂ ನಡುಹಗಲಿನ ಸೂರ್ಯನು ದಕ್ಷಿಣದಲ್ಲಿಯೇ ಇರುತ್ತಾನೆ. ನಮ್ಮ ಹಿರಿಯರು ಬೇರೆ ಬಗೆಯಲ್ಲಿ ನಿಂತರು. ಉದಯಸೂರ್ಯನಿಗೆ ಮುಖ ಮಾಡಿ ನಿಂತವನಿಗೆ ಮುಂದಿನದು ‘ಪೂರ್ವ’, ಹಿಂದಿನದು ‘ಪಶ್ಚಿಮ’, ಬಲಗೈಯ ಕಡೆಯದು ‘ದಕ್ಷಿಣ’. ಸಂಸ್ಕೃತದಲ್ಲಿ ದಕ್ಷಿಣ ಎಂದರೆ ಬಲಗಡೆ ಎಂಬ ಅರ್ಥವೂ ಉಂಟು. ‘ಪ್ರದಕ್ಷಿಣೆ’ ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಅಚ್ಚಗನ್ನಡದ ‘ಮೂಡಣ’, ‘ಪಡುವಣ’ಗಳು ಸೂರ್ಯನು ಮೂಡುವ ಮತ್ತು ಪಡುವ, ಎಂದರೆ ಮುಳುಗುವ, ಕಡೆಗಳು. ಹೀಗೆ ‘ಸೌತ್’ ಮತ್ತು ‘ದಕ್ಷಿಣ’ ಒಂದೇ ದಿಕ್ಕನ್ನು ತೋರಿಸಿದರೂ ಒಂದು ನಡುಹಗಲಿನ ಸೂರ್ಯನನ್ನು ನೋಡಿ ಹುಟ್ಟಿದ ಮಾತು, ಇನ್ನೊಂದು ಮುಂಜಾನೆಯ ಸೂರ್ಯನಿಗೆ ಎದುರಾಗಿ ನಿಂತವನ ಬಲಗೈಯಿಂದ ಹುಟ್ಟಿದ ಮಾತು.

‘ನಡುಹಗಲಿನ ಸೂರ್ಯನು ದಕ್ಷಿಣದಲ್ಲಿರುತ್ತಾನೆ’ ಎಂದು ಶೀತದೇಶದ ಪುಸ್ತಕಗಳು ಹೇಳುತ್ತವೆ. ಅದನ್ನು ಕಮತಗಿಯಲ್ಲಿ ಬಾಯಿಪಾಠ ಮಾಡಿದರೆ ಏನಾಗುತ್ತದೆ ಎಂಬುದನ್ನು ಒಂದು ಕೋಲಿನಿಂದ ಪರೀಕ್ಷಿಸಬಹುದು. 1 ಮೀಟರು ಉದ್ದದ ಕೋಲನ್ನು ಸಮವಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿರಿ. ನೆರಳು ಅತ್ಯಂತ ಗಿಡ್ಡವಾಗುವ ಹೊತ್ತೇ ನಿಜವಾದ ನಡುಹಗಲು. ಈ ಊರು ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮಕ್ಕೆ ಇರುವುದರಿಂದ, ಜೂನ್ 21 ಮತ್ತು ಡಿಸೆಂಬರ್ 22ರ ಸುಮಾರಿಗೆ ಆ ಹೊತ್ತು ಗಡಿಯಾರದ 12ಕ್ಕೆ ಬಾರದೆ 12 ಗಂಟೆ 25 ನಿಮಿಷದಿಂದ 12 ಗಂಟೆ 30 ನಿಮಿಷದ ನಡುವೆ ಬರುತ್ತದೆ. ಡಿಸೆಂಬರ್ 22ರ ಸುಮಾರಿಗೆ ನೆರಳು ಬಡಗಣಕ್ಕೆ 82 ಸೆಂಟಿಮೀಟರಿನಷ್ಟು ಚಾಚಿರುತ್ತದೆ; ಸೂರ್ಯನು ದಕ್ಷಿಣದಲ್ಲಿದ್ದಾನೆ, ಪುಸ್ತಕದ ಮಾತು ನಿಜ. ಆದರೆ ಮೇ 5ರ ಆಸುಪಾಸಿನಲ್ಲಿ ಸೂರ್ಯನು ನೇರ ನೆತ್ತಿಯ ಮೇಲೆ ಬಂದು ಕೋಲಿನ ನೆರಳೇ ಇಲ್ಲವಾಗುತ್ತದೆ. ಅಲ್ಲಿಂದ ಆಗಸ್ಟ್ 8ರ ಸುಮಾರಿನವರೆಗೆ, ಮೂರು ತಿಂಗಳಿಗೂ ಮಿಕ್ಕಿ, ನಡುಹಗಲಿನ ಸೂರ್ಯನು ಉತ್ತರದಲ್ಲಿರುತ್ತಾನೆ. ಜೂನ್ 21ರಂದು ಮೋಡ ಸರಿದು ಬಿಸಿಲು ಬಿದ್ದರೆ, ಸುಮಾರು 13 ಸೆಂಟಿಮೀಟರಿನ ನೆರಳು ತೆಂಕಣಕ್ಕೆ ಬಿದ್ದಿರುವುದನ್ನು ಕಾಣಬಹುದು. ಪುಸ್ತಕವು ಸುಳ್ಳು ಹೇಳಲಿಲ್ಲ. ತಾನು ಎಲ್ಲಿ ನಿಂತು ಹೇಳುತ್ತಿದ್ದೇನೆಂಬುದನ್ನು ಹೇಳಲಿಲ್ಲ, ಅಷ್ಟೆ.

ಮೂಡಣದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಸೂರ್ಯನು ಸರಿಯಾಗಿ ಪೂರ್ವದಲ್ಲಿ ಮೂಡುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ವಿಷುವ ದಿನಗಳ ಸುಮಾರಿಗೆ ಮಾತ್ರ. ಉಳಿದ ಕಾಲದಲ್ಲಿ ಅವನು ಅತ್ತಿತ್ತ ಸರಿಯುತ್ತ, ಈ ಅಕ್ಷಾಂಶದಲ್ಲಿ ಒಂದೊಂದು ಬದಿಗೆ 24 ಡಿಗ್ರಿಗೂ ಹೆಚ್ಚು ದೂರ ಹೋಗುತ್ತಾನೆ.

ಇನ್ನು ಗಾಳಿಯ ಮಾತು. ‘ನೈಋತ್ಯ ಮಾರುತ’ ಎಂದರೆ ನೈಋತ್ಯಕ್ಕೆ ಬೀಸುವ ಗಾಳಿಯೋ, ನೈಋತ್ಯದಿಂದ ಬೀಸುವ ಗಾಳಿಯೋ? ಇಲ್ಲಿ ತಪ್ಪುವ ವಿದ್ಯಾರ್ಥಿಗಳು ಬಹುಮಂದಿ. ಗಾಳಿಗೆ ಅದು ಬರುವ ದಿಕ್ಕಿನಿಂದ ಹೆಸರು. ದಕ್ಷಿಣ ಗೋಲಾರ್ಧದಲ್ಲಿ ಆಗ್ನೇಯದಿಂದ ಬೀಸಿ ಬರುವ ಗಾಳಿಯು ಸಮಭಾಜಕ ವೃತ್ತವನ್ನು ದಾಟಿದ ಮೇಲೆ ಭೂಮಿಯ ಆವರ್ತನದಿಂದಾಗಿ ಬಲಕ್ಕೆ ಬಾಗಿ, ನೈಋತ್ಯದಿಂದ ನಮ್ಮ ನಾಡನ್ನು ಹೊಗುತ್ತದೆ. ಆದರೆ ನೀರಿನ ವಿಷಯ ಬೇರೆ. ಮಲಪ್ರಭೆಯು ಮೂಡಣಕ್ಕೆ ಹರಿದು ಬಂದು ಪಟ್ಟದಕಲ್ಲಿನ ಬಳಿ ಬಡಗಣಕ್ಕೆ ತಿರುಗುತ್ತದೆ. ಅಲ್ಲಿ ಅದನ್ನು ‘ಉತ್ತರವಾಹಿನಿ’ ಎಂದು ಕರೆಯುತ್ತಾರೆ. ಅದು ಹೋಗುವ ದಿಕ್ಕಿನ ಹೆಸರು. ಅದೇ ಪಾತ್ರದ ಮೇಲೆ ಅದೇ ದಿಕ್ಕಿಗೆ ಗಾಳಿ ಬೀಸಿದರೆ ಅದು ‘ದಕ್ಷಿಣ ಮಾರುತ’! ನದಿಯೂ ಗಾಳಿಯೂ ಜತೆಗೂಡಿ ಒಂದೇ ಕಡೆಗೆ ಸಾಗುತ್ತಿರುವಾಗ ಒಂದಕ್ಕೆ ಉತ್ತರದ ಹೆಸರು, ಇನ್ನೊಂದಕ್ಕೆ ದಕ್ಷಿಣದ ಹೆಸರು. ಇದರಲ್ಲಿ ಅಸಂಗತವೇನೂ ಇಲ್ಲ. ಬಿತ್ತುವವನಿಗೆ ಮಳೆಗಾಳಿ ಎತ್ತಣಿಂದ ಬರುತ್ತದೆಂಬುದು ಮುಖ್ಯ. ನೀರು ಎತ್ತ ಒಯ್ಯುತ್ತದೆಂಬುದು ಅಂಬಿಗನಿಗೆ ಮುಖ್ಯ. ಕಡಲಿನ ಪ್ರವಾಹಗಳಿಗೂ ಅವು ಹರಿದುಹೋಗುವ ದಿಕ್ಕನ್ನೇ ಹೇಳುತ್ತಾರೆ. ಇಂಗ್ಲಿಷಿನ ‘ಸದರ್ಲಿ’ ಎಂಬ ಒಂದೇ ಪದವು ಗಾಳಿಗೆ ಹತ್ತಿದಾಗ ‘ದಕ್ಷಿಣದಿಂದ’ ಎಂದೂ, ಪ್ರಯಾಣದ ದಿಕ್ಕಿಗೆ ಹತ್ತಿದಾಗ ‘ದಕ್ಷಿಣಕ್ಕೆ’ ಎಂದೂ ಅರ್ಥ ಕೊಡುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ಈ ಗೊಂದಲವನ್ನು ತಾನಾಗಿಯೇ ಬಿಡಿಸುತ್ತದೆ. ‘ನೈಋತ್ಯದಿಂದ ಬರುವ ಮಾರುತ’ ಎಂದು ಒಂದು ಸಲ ಪೂರ್ತಿಯಾಗಿ ಹೇಳಿಕೊಟ್ಟರೆ ವಿದ್ಯಾರ್ಥಿಯು ಮತ್ತೆಂದೂ ತಪ್ಪಲಾರನು.

ಇದೇ ಪ್ರತ್ಯಯಗಳು ಇನ್ನೊಂದು ತೊಡಕನ್ನೂ ನಿವಾರಿಸಬಲ್ಲವು. ಬಾದಾಮಿಯು ಬಾಗಲಕೋಟೆ ಜಿಲ್ಲೆಯ ದಕ್ಷಿಣದಲ್ಲಿದೆ; ಗದಗ ಜಿಲ್ಲೆಯು ಬಾಗಲಕೋಟೆ ಜಿಲ್ಲೆಯ ದಕ್ಷಿಣಕ್ಕೆ ಇದೆ. ಮೊದಲನೆಯದು ಗಡಿಯ ಒಳಗೆ, ಎರಡನೆಯದು ಹೊರಗೆ. ಇಂಗ್ಲಿಷಿನಲ್ಲಿ ‘ಇನ್ ದಿ ಸೌತ್’, ‘ಟು ದಿ ಸೌತ್’ ಎಂಬ ಭೇದವನ್ನು ಕಷ್ಟಪಟ್ಟು ಕಲಿಯುವ ನಮ್ಮ ವಿದ್ಯಾರ್ಥಿಗಳು, ಆ ಭೇದವು ತಮ್ಮ ಮಾತೃಭಾಷೆಯಲ್ಲಿಯೇ ಇದೆಯೆಂಬುದನ್ನು ಅರಿತರೆ ಕಲಿಕೆ ಹಗುರವಾದೀತು. ಜಮೀನಿನ ಕಾಗದಪತ್ರಗಳ ಚಕ್ಕುಬಂದಿಯನ್ನು ನೋಡಿರಿ: ಈ ಹೊಲದ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇಂಥ ಸರ್ವೆ ನಂಬರು. ಯಾವುದರ ದಕ್ಷಿಣ ಎಂಬ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ. ಏಕೆಂದರೆ ಸಂದೇಹ ಉಳಿದರೆ ಹೊಲವೇ ಕೈಬಿಡುತ್ತದೆ. ಹಳೆಯ ಕನ್ನಡ ದಾನಶಾಸನಗಳಲ್ಲಿಯೂ ಮೂಡ, ತೆಂಕ, ಪಡುವ, ಬಡಗ ಎಂದು ಎಲ್ಲೆಗಳನ್ನು ಇದೇ ಕ್ರಮದಲ್ಲಿ ನಿರ್ದೇಶಿಸಿದ್ದಾರೆ. ಓದುಬರೆಹ ಬಾರದ ರೈತನೂ ಪಾಲಿಸಿದ ಈ ಶಿಸ್ತನ್ನು ಪದವೀಧರರಾದ ನಾವು ಕೈಬಿಡುವುದು ಉಚಿತವೆ?

ಈ ಶಿಸ್ತು ತಪ್ಪಿದಾಗ ಪದಗಳು ದಿಕ್ಕನ್ನು ಬಿಟ್ಟು ಬೆಲೆಯನ್ನು ಹೇಳತೊಡಗುತ್ತವೆ. ನಕ್ಷೆಯಲ್ಲಿ ಉತ್ತರವನ್ನು ಮೇಲೆ ಬರೆಯುವುದು ಒಂದು ರೂಢಿ ಮಾತ್ರ. 1154ರಲ್ಲಿ ಅಲ್ ಇದ್ರೀಸಿ ರಚಿಸಿದ ಪ್ರಸಿದ್ಧ ಭೂಪಟದಲ್ಲಿ ದಕ್ಷಿಣವೇ ಮೇಲಿತ್ತು. ಆದರೂ ಇಂಗ್ಲಿಷಿನ ವ್ಯವಹಾರದ ಮಾತಿನಲ್ಲಿ ‘ಸೌತಿಗೆ ಹೋಯಿತು’ ಎಂದರೆ ‘ಕೆಟ್ಟಿತು, ಇಳಿಯಿತು’ ಎಂಬ ಅರ್ಥ ಬಂದುಬಿಟ್ಟಿದೆ. 1980ರ ಬ್ರಾಂಟ್ ವರದಿಯು ಸಿರಿವಂತ ದೇಶಗಳನ್ನು ಉತ್ತರ ಎಂದೂ ಬಡ ದೇಶಗಳನ್ನು ದಕ್ಷಿಣ ಎಂದೂ ವಿಂಗಡಿಸಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳು ಭೂಮಿಯ ದಕ್ಷಿಣಾರ್ಧದಲ್ಲಿದ್ದರೂ ‘ಉತ್ತರ’ದ ಪಂಕ್ತಿಯಲ್ಲಿ ಕುಳಿತವು, ಮುಖ್ಯಭೂಮಿಯೆಲ್ಲ ಉತ್ತರಾರ್ಧದಲ್ಲಿರುವ ಭಾರತವು ‘ದಕ್ಷಿಣ’ವಾಯಿತು. 2023ರಲ್ಲಿ ಭಾರತವೇ ‘ಜಾಗತಿಕ ದಕ್ಷಿಣದ ಧ್ವನಿ’ ಎಂಬ ಸಮ್ಮೇಳನವನ್ನು ನಡೆಸಿತು. ಸಮಭಾಜಕ ವೃತ್ತದಿಂದ 16 ಡಿಗ್ರಿ ಉತ್ತರದಲ್ಲಿರುವ ಕಮತಗಿಯು ಹೀಗೆ ಜಗತ್ತಿನ ಲೆಕ್ಕದಲ್ಲಿ ದಕ್ಷಿಣ, ರಾಜ್ಯದ ಲೆಕ್ಕದಲ್ಲಿ ಉತ್ತರ!

ರಾಜ್ಯದೊಳಗೂ ಇಂಥದೇ ನಡೆದಿದೆ. ‘ಉತ್ತರ ಕರ್ನಾಟಕ’ ಎಂಬ ಮಾತಿನ ಹಿಂದೆಯೇ ‘ಹಿಂದುಳಿದ’ ಎಂಬ ವಿಶೇಷಣವು ನೆರಳಿನಂತೆ ಬರುತ್ತದೆ. ಅಳತೆ ಏನು ಹೇಳುತ್ತದೆ? ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ ಆಗಿನ 175 ತಾಲೂಕುಗಳನ್ನು ಒಂದೊಂದಾಗಿ ಪರಿಶೀಲಿಸಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣ ಕರ್ನಾಟಕದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವೆಂಬುದೂ ನಿಜ. ಅವುಗಳಲ್ಲಿಯೂ 21 ಕಲಬುರಗಿ ವಿಭಾಗದವು, 5 ಮಾತ್ರ ಬೆಳಗಾವಿ ವಿಭಾಗದವು. ದಿಕ್ಕಿನ ಪದದಿಂದ ಈ ಯಾವ ವಿವರವೂ ಕಾಣುವುದಿಲ್ಲ. ಉತ್ತರವೆಂದರೆ ಹಿಂದುಳಿದದ್ದು ಎಂದು ಬಗೆದವನಿಗೆ ದಕ್ಷಿಣದ 55 ತಾಲೂಕುಗಳ ಕಷ್ಟವೂ ತಿಳಿಯದು, ಉತ್ತರದೊಳಗಿನ ಅಂತರವೂ ತಿಳಿಯದು. ಅನುದಾನ, ಶಾಲೆ, ಆಸ್ಪತ್ರೆಗಳ ಹಂಚಿಕೆಯಲ್ಲಿ ಈ ಮಸುಕಿನ ಬೆಲೆ ತೆರುವವರು ಜನರು.

‘ಹೆಸರು ಹೆಸರೇ, ಪ್ರಯಾಣಿಕನೊಬ್ಬೊಬ್ಬನ ಊರನ್ನು ನೋಡಿ ರೈಲ್ವೆಗೆ ಹೆಸರಿಡಲಾದೀತೆ?’ ಎಂದು ಕೆಲವರು ಆಕ್ಷೇಪಿಸಬಹುದು. ಮಾತು ನ್ಯಾಯವಾದುದು. ಎಲ್ಲರಿಗೂ ತಿಳಿದಿರುವ ಒಂದು ಸ್ಥಿರವಾದ ಹೆಸರಿನಿಂದ ವ್ಯವಹಾರವು ಸುಗಮವಾಗುತ್ತದೆ. 2021ರಲ್ಲಿ ‘ಮುಂಬಯಿ ಕರ್ನಾಟಕ’ವು ‘ಕಿತ್ತೂರು ಕರ್ನಾಟಕ’ವಾಯಿತು, ಅದೇ ವರ್ಷ ‘ಈಶಾನ್ಯ’ ಸಾರಿಗೆ ಸಂಸ್ಥೆಯು ‘ಕಲ್ಯಾಣ ಕರ್ನಾಟಕ’ದ ಸಂಸ್ಥೆಯಾಯಿತು. ಅಂಥ ಬದಲಾವಣೆಗಳು ಸರಕಾರದ ವಿವೇಚನೆಗೆ ಬಿಟ್ಟದ್ದು. ನಾವು ಕೇಳುತ್ತಿರುವುದು ಹೆಸರುಗಳ ಬದಲಾವಣೆಯನ್ನಲ್ಲ, ಹೆಸರನ್ನು ಓದುವ ಕ್ರಮದ ಬದಲಾವಣೆಯನ್ನು.

ಅದಕ್ಕೆ ದೊಡ್ಡ ಸಾಧನಗಳೇನೂ ಬೇಡ. ಪ್ರತಿಯೊಂದು ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನಿಲ್ಲಿಸಿ ವರ್ಷವಿಡೀ ನಡುಹಗಲಿನ ನೆರಳನ್ನು ಗುರುತಿಸಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರನ್ನು ನಡುವೆ ಇಟ್ಟು, ಸುತ್ತಲಿನ ಎಂಟು ದಿಕ್ಕುಗಳ ಊರುಗಳನ್ನು ಬರೆದ ಒಂದು ನಕ್ಷೆಯನ್ನು ತನ್ನ ಕೈಯಿಂದಲೇ ರಚಿಸಲಿ. ಮೂಡಣ, ಪಡುವಣ, ಬಡಗಣ, ತೆಂಕಣ ಎಂಬ ನಾಲ್ಕು ಪದಗಳು ಪಾಠಗಳಲ್ಲಿ ಪೂರ್ವ, ಪಶ್ಚಿಮಗಳ ಜತೆಗೆ ಬದುಕಿರಲಿ. ಪುಸ್ತಕದಲ್ಲಾಗಲಿ ಪತ್ರಿಕೆಯಲ್ಲಾಗಲಿ ದಿಕ್ಕಿನ ಪದವೊಂದು ಕಂಡೊಡನೆ ಅದರ ಬದಿಗೆ ಪೆನ್ಸಿಲಿನಿಂದ ‘ಯಾವುದರ?’ ಎಂದು ಬರೆದುಕೊಳ್ಳುವ ಅಭ್ಯಾಸವನ್ನು ಮಾಡಿಕೊಳ್ಳಿರಿ.

1911ರ ಡಿಸೆಂಬರ್ 14ರಂದು ಅಮುಂಡ್‌ಸೆನ್ ಮತ್ತು ಅವನ ಸಂಗಡಿಗರು ದಕ್ಷಿಣ ಧ್ರುವವನ್ನು ಮುಟ್ಟಿದರು. ಅಲ್ಲಿ ನಿಂತವನು ಯಾವ ಕಡೆಗೆ ಹೆಜ್ಜೆಯಿಟ್ಟರೂ ಅದು ಉತ್ತರವೇ. ಭೂಮಿಯ ಮೇಲೆ ತನಗೆ ದಕ್ಷಿಣವೇ ಇಲ್ಲದ ಸ್ಥಳವು ಅದೊಂದೇ. ಉಳಿದ ಯಾವ ಊರಿನಲ್ಲಿ ನಿಂತರೂ, ಕಮತಗಿಯಲ್ಲಿ ನಿಂತರೂ, ನಾಲ್ಕು ದಿಕ್ಕುಗಳೂ ಪೂರ್ತಿಯಾಗಿ ಇರುತ್ತವೆ. ಅವುಗಳನ್ನು ಅಳೆಯಲು ಬೆಂಗಳೂರಿಗೋ ಮುಂಬಯಿಗೋ ಲಂಡನ್ನಿಗೋ ಹೋಗಬೇಕಾಗಿಲ್ಲ. ನಿಂತ ನೆಲದಿಂದಲೇ ಅಳೆಯಬಹುದು.